ಒಂಬತ್ತೂವರೆ ಇಂಚು

ಕಳೆದ ಭಾನುವಾರ ಬೆಳಿಗ್ಗೆ ಕಪಾಟಿನ ಮೇಲಿಂದ ಆಟದ ಸಿಪಾಯಿಗಳ ಡಬ್ಬ ಇಳಿಸಿದೆ. ಅದರ ತಳದಲ್ಲಿ ಹಳೆಯ ಅಳತೆ ಟೇಪು ಸಿಕ್ಕಿತು. ಹಳದಿ ಬಣ್ಣ ಮಾಸಿದೆ, ತುದಿಯ ಹಿತ್ತಾಳೆ ಪಟ್ಟಿ ಸಡಿಲವಾಗಿದೆ. ಮೂಗಿನ ಹತ್ತಿರ ಹಿಡಿದರೆ ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನ ವಾಸನೆ, ಇಸ್ತ್ರಿಯ ಕೆಳಗೆ ಬಿಸಿಯಾದ ಒದ್ದೆ ಬಟ್ಟೆಯ ವಾಸನೆ... ಇಷ್ಟು ವರ್ಷ ಉಳಿಯುವಂಥದ್ದಲ್ಲ ಅದು, ನನಗೆ ಹಾಗನ್ನಿಸಿತು ಅಷ್ಟೆ.

ಆ ಟೇಪು ಬೊರಿವಲಿಯ ನಮ್ಮ ಬಿಲ್ಡಿಂಗಿನ ಕೆಳಗೆ ಅಂಗಡಿ ಇಟ್ಟಿದ್ದ ಟೇಲರ್ ಚಾಚಾ ಅವರದು. ವಿಜಯಪುರದ ಕಡೆಯವರು. ಆಗ ನನಗೆ ಮೂವತ್ತು ದಾಟಿರಲಿಲ್ಲ, ಫೋರ್ಟಿನ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿದ್ದೆ. ದೇವರು ನನಗೆ ಎತ್ತರ ಕೊಡುವಾಗ ಕೈ ಬಿಗಿ ಹಿಡಿದಿದ್ದ. ಹಾಗಾಗಿ ಪ್ಯಾಂಟಿನ ಕಾಲು ಗಿಡ್ಡ ಮಾಡಿಸಲು ಅವರ ಅಂಗಡಿಗೆ ಹೋಗಿದ್ದೆ. ದಾರದ ಉಂಡೆಗಳ ನಡುವೆ ಹೆಬ್ಬೆರಳಿಗಿಂತ ಚಿಕ್ಕ ಸೀಸದ ಸಿಪಾಯಿಯೊಬ್ಬ ನಿಂತಿದ್ದ.

"ಮೊಮ್ಮಗಂದೇನ್ರಿ ಚಾಚಾ?" ಎಂದೆ.

"ನಂದ," ಎಂದರು ಚಾಚಾ, ತಲೆ ಎತ್ತದೆ. "ಐತವಾರ ಖಾಲಿ ಇದ್ರ ಬರ್ರಿ. ಸಣ್ಣ ಹುಡುಗ್ರ ಆಟ ಹೌದೋ ಅಲ್ಲೋ ನೋಡೂಣು."

ಹೋದೆ. ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲೆ ಖಾಕಿ ಬಟ್ಟೆ ಹಾಸಿದ್ದರು. ಅದರಡಿ ಚಿಂದಿ ತುರುಕಿ ಗುಡ್ಡಗಳನ್ನು ಎಬ್ಬಿಸಿದ್ದರು, ಮಧ್ಯೆ ಚಾಕ್‌ಪೀಸಿನಲ್ಲಿ ಒಂದು ಹೊಳೆ ಬರೆದಿದ್ದರು. ಹೊಳೆಯ ಆಚೆ ಅವರ ಸೈನ್ಯ, ಈಚೆ ನನ್ನದು. ಹರೆಯದಲ್ಲಿ ಬೆಳಗಾವಿಯ ದಂಡಿನಲ್ಲಿ ಯೂನಿಫಾರ್ಮ್ ಹೊಲಿಯುತ್ತಿದ್ದಾಗ ಅಲ್ಲಿಯ ಅಧಿಕಾರಿಯೊಬ್ಬರು ಕಲಿಸಿ, ವರ್ಗವಾಗಿ ಹೋಗುವಾಗ ಡಬ್ಬವನ್ನೂ ಕೊಟ್ಟು ಹೋದ ಆಟವಂತೆ ಅದು. ಸರದಿಯ ಮೇಲೆ ಸಿಪಾಯಿಗಳನ್ನು ಇಂಚುಗಳ ಲೆಕ್ಕದಲ್ಲಿ ಸರಿಸಬೇಕು, ದಾಳ ಹಾಕಿ ಹೊಡೆದಾಡಬೇಕು. ಒಂದೇ ಗಂಟೆಯಲ್ಲಿ ನನ್ನ ಸೈನ್ಯ ನೆಲಕಚ್ಚಿತು. ಮುಂದಿನ ಭಾನುವಾರ ಅವರು ಶಟರ್ ಎತ್ತುವ ಮೊದಲೇ ನಾನು ಬಾಗಿಲಲ್ಲಿದ್ದೆ. ತಿಂಗಳೊಳಗೆ ಹೆಂಡತಿಯ ನೇಲ್ ಪಾಲಿಶಿನ ಕುಂಚ ಕದ್ದು ಸಿಪಾಯಿಗಳ ಕೋಟಿಗೆ ಗುಂಡಿ ಬಿಡಿಸುತ್ತಿದ್ದೆ. ಆ ಹುಚ್ಚು ಇವತ್ತಿಗೂ ಬಿಟ್ಟಿಲ್ಲ.

ಡಬ್ಬದಲ್ಲಿದ್ದ ಪುಟ್ಟ ತೋಪಿಗೆ ಮಾತ್ರ ಬೇರೆ ನಿಯಮ. ಗುರಿ ಎಷ್ಟು ಇಂಚು ದೂರವಿದೆಯೆಂದು ಕಣ್ಣಂದಾಜಿನಲ್ಲಿ ಮೊದಲೇ ಹೇಳಬೇಕು, ಆಮೇಲೆ ಎದುರಾಳಿ ಟೇಪು ಹಿಡಿದು ಓದಬೇಕು. ಒಂದು ಇಂಚಿನೊಳಗಿದ್ದರೆ ಗುಂಡು ತಾಗಿದಂತೆ, ಇಲ್ಲದಿದ್ದರೆ ವ್ಯರ್ಥ. ಚಾಚಾ ಕಾಲಿಂಚು ಕೂಡ ತಪ್ಪುತ್ತಿರಲಿಲ್ಲ. ಹೊಗಳಿದರೆ ಮೊಳೆಗೆ ನೇತುಹಾಕಿದ್ದ ದೊಡ್ಡ ಕತ್ತರಿ ತೋರಿಸುತ್ತಿದ್ದರು.

"ಈ ಕಣ್ಣ ಸಾಥ್ ಕೊಡೂತನ ಅದನ್ನ ಹಿಡೀತೀನಿ. ಈ ಆಟದಾಗ ಲೆಕ್ಕ ತಪ್ಪಾಕ ಹತ್ತಿದ್ರ ಮೊದ್ಲ ಡಾಕ್ಟರ್ ಕಡೆ ಹೋಗೂದು, ಆಮ್ಯಾಲೆ ದುಕಾನ್ ಬಂದ್."

ಮೂರು ವರ್ಷ ಹೀಗೇ ನಡೆಯಿತು. ಆಮೇಲೊಂದು ಭಾನುವಾರ ಅವರು ಹೊಳೆಯಾಚೆಯಿಂದ "ಎಂಟು" ಎಂದರು. ನಾನು ಟೇಪು ಎಳೆದೆ. ಒಂಬತ್ತೂವರೆ ಇತ್ತು. ಮತ್ತೊಮ್ಮೆ ಎಳೆದೆ. ಒಂಬತ್ತೂವರೆಯೇ. ಚಾಚಾ ಟೇಪನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು.

"ಎಂಟೂ ಕಾಲು ಐತ್ರಿ ಚಾಚಾ," ಎಂದು ಹೇಳಿ, ಉಳಿಯಬೇಕಾಗಿದ್ದ ನನ್ನ ಇಬ್ಬರು ಸಿಪಾಯಿಗಳನ್ನು ನಾನೇ ಎತ್ತಿಟ್ಟೆ. ಅವರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಕನಿಕರ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅಂಗಡಿ ಮುಚ್ಚಿದರೆ ನನ್ನ ಭಾನುವಾರ ಹೋಗುತ್ತದೆ ಎಂಬ ಹೆದರಿಕೆಯೇ ಹೆಚ್ಚಾಗಿತ್ತು. ಒಮ್ಮೆ ಹೇಳಿದ ಮೇಲೆ ಪ್ರತಿ ವಾರ ಹೇಳಬೇಕಾಯಿತು. ಅಂಕಿಯ ಮೇಲೆ ಹೆಬ್ಬೆರಳು ಒತ್ತಿಕೊಂಡು, ಅವರು ಮೇಜು ಬಳಸಿ ಈಚೆ ಬಂದಾರೇ ಎಂದು ಹೆದರುತ್ತಾ ಓದುತ್ತಿದ್ದೆ. ತಪ್ಪು ಎರಡು ಇಂಚಾಯಿತು, ಮೂರಾಯಿತು. ಎಡಗಡೆ ಇಟ್ಟ ಚಹಾದ ಗ್ಲಾಸಿಗೆ ಅವರ ಮೊಣಕೈ ತಾಗಿ ಹೊಳೆಯೇ ಅಳಿಸಿಹೋಯಿತು. "ವಯಸ್ಸಾತು," ಎಂದು ನಕ್ಕರು. ನಾನೂ ನಕ್ಕೆ.

ಆರು ತಿಂಗಳ ಮೇಲೆ ಒಬ್ಬ ಗಿರಾಕಿಯ ಮದುವೆ ಕೋಟಿನ ಎಡತೋಳು ಎರಡು ಇಂಚು ಗಿಡ್ಡವಾಯಿತು. ಅಂಗಡಿ ಮುಂದೆ ಜನ ಸೇರಿದರು, ಆ ಗಿರಾಕಿ ಚಾಚಾ ಅವರ ಮೇಲೆ ಬಾಯಿಗೆ ಬಂದಂತೆ ಹರಿಹಾಯ್ದ. ಮಾರನೆಯ ದಿನ ಅವರನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದವನು ನಾನೇ. ಕಣ್ಣಿನೊಳಗಿನ ಒತ್ತಡ ಏರಿ ಎಡಗಣ್ಣು ಪೂರ್ತಿ ಹೋಗಿದೆ, ಬಲಗಣ್ಣು ಅರ್ಧ ಉಳಿದಿದೆ ಎಂದರು ಡಾಕ್ಟರು. ನೋವಿಲ್ಲದ ಕಾಯಿಲೆ, ನಾಲ್ಕಾರು ತಿಂಗಳ ಮುಂಚೆ ಬಂದಿದ್ದರೆ ಇಷ್ಟು ಹೋಗುತ್ತಿರಲಿಲ್ಲ ಎಂದೂ ಹೇಳಿದರು.

"ನಂಗ ಗೊತ್ತಾಗಬೇಕಿತ್ತಲ್ಲ ಡಾಕ್ಟರ್ ಸಾಬ್," ಎಂದರು ಚಾಚಾ. "ಪ್ರತಿ ಐತವಾರ ನೋಡ್ಕೋತಿದ್ದೆ."

ಅಂಗಡಿ ಖಾಲಿ ಮಾಡುವ ದಿನ ಎಲ್ಲವನ್ನೂ ಹೇಳಿಬಿಟ್ಟೆ. ಬೈಯಲಿ, ಕಪಾಳಕ್ಕೆ ಹೊಡೆಯಲಿ ಎಂದು ಕಾದೆ. ಚಾಚಾ ಟೇಪು ಸುತ್ತಿ ಮುಗಿಸಿದರು. ಅಲ್ಲಿಯವರೆಗೆ ನನ್ನನ್ನು ಏಕವಚನದಲ್ಲಿ ಕರೆದವರೇ ಅಲ್ಲ.

"ನೀ ನನ್ನ ಸೋಲಸ್ಬೇಕಿತ್ತೋ ತಮ್ಮಾ," ಎಂದರು.

ಅಷ್ಟೆ. ಟೇಪನ್ನು ಡಬ್ಬದಲ್ಲಿಟ್ಟು, ಡಬ್ಬವನ್ನು ನನ್ನ ಕೈಗೆ ಕೊಟ್ಟು ಮಗಳ ಜೊತೆ ಊರಿಗೆ ಹೊರಟುಹೋದರು. ಎರಡು ಸಲ ಫೋನ್ ಮಾಡಿದೆ, ಮೂರನೆಯ ಸಲಕ್ಕೆ ಧೈರ್ಯ ಬರಲಿಲ್ಲ... ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ತಿಂಗಳು ಕಳೆದ ಮೇಲೆ.

ಕಳೆದ ಭಾನುವಾರ ಡಬ್ಬ ಇಳಿಸಿದ ಮೇಲೆ ಆ ಟೇಪನ್ನು ಜೇಬಿಗೆ ಹಾಕಿಕೊಂಡೇ ಮಾಟುಂಗಕ್ಕೆ ಹೋದೆ. ಅಲ್ಲೊಂದು ಹಾಲ್‌ನಲ್ಲಿ ಪ್ರತಿ ಭಾನುವಾರ ನಾವು ಏಳೆಂಟು ಜನ ಸೇರಿ ಇದೇ ಆಟ ಆಡುತ್ತೇವೆ. ನನ್ನೆದುರು ಕಾಲೇಜಿನ ಹುಡುಗಿ, ಮನೆಮಾತು ಕನ್ನಡವಾದರೂ ತಡವರಿಸಿ ಮಾತಾಡುವವಳು. ನನ್ನ ತೋಪಿನ ಸರದಿ ಬಂತು. "ಏಳು," ಎಂದೆ. ಅವಳು ಟೇಪು ಎಳೆದು ಬಗ್ಗಿ ನೋಡಿದಳು.

"ಒಂಬತ್ತು ಇದೆ ಅಂಕಲ್. ಪೂರಾ ಮಿಸ್."

"ಪಕ್ಕಾ?"

"ಪಕ್ಕಾ. ಲಾಸ್ಟ್ ವೀಕ್ ಭೀ ಮಿಸ್ ಆಗಿತ್ತು ನಿಮ್ದು. ಕಣ್ಣು ಚೆಕ್ ಮಾಡ್ಸಿ ನಾ."

ಒಂದು ಕ್ಷಣ ಸಿಟ್ಟು ನೆತ್ತಿಗೇರಿತು. ಆಮೇಲೆ ಕನ್ನಡಕ ತೆಗೆದು ಸುಮ್ಮನೆ ಒರೆಸಿಕೊಂಡೆ, ಥ್ಯಾಂಕ್ಸ್ ಎಂದೆ. ಅವಳು ದಾಳ ಎತ್ತಿಕೊಂಡು ಆಟ ಮುಂದುವರಿಸಿದಳು. ಎಷ್ಟು ಸಲೀಸಾಗಿ ಹೇಳಿಬಿಟ್ಟಳು! ಚಾಚಾ ಅವರಿಗೆ ಇಷ್ಟು ಹೇಳಲು ಮೇಜಿನಾಚೆ ನಾನೊಬ್ಬನೇ ಇದ್ದೆ. ಹೇಳಲಿಲ್ಲ.