ಉಪ್ಪಿನ ಮುಂದೆ ಬಿಟ್ಟ ಜಾಗ

ಮೇಧಾ, ನಚಿಕೇತ,

ನಾನು ಅಮೆರಿಕಕ್ಕೆ, ನಿಮ್ಮ ಪ್ಲೇನ್ಸ್‌ಬರೋಗೆ ಬಂದ ಮರುದಿನ ನಿಮ್ಮ ಟಿ.ವಿ.ಯಲ್ಲಿ ಇಂಗ್ಲೆಂಡಿನ ನರೆಗೂದಲ ಹೆಂಗಸೊಬ್ಬರು ಕುದಿಯುವ ಸೂಪನ್ನು ಚಮಚದಲ್ಲಿ ಬಾಯಿಗಿಟ್ಟು, ಅದೇ ಎಂಜಲು ಚಮಚವನ್ನು ಮತ್ತೆ ಪಾತ್ರೆಗೆ ಅದ್ದಿದರು. ಎಲ್ಲಿಗೆ ಬಂದುಬಿಟ್ಟೆ ಎನಿಸಿತು.

ಹುಣಸೂರಿನ ಕಡೆಯ ನಮ್ಮ ಮನೆಯಲ್ಲಿ ದೇವರಿಗೆ ತೋರಿಸುವ ಮೊದಲು ಅಡುಗೆಯ ರುಚಿ ನೋಡುವಂತಿರಲಿಲ್ಲ. ಹದ ತಿಳಿಯುತ್ತಿದ್ದುದು ವಾಸನೆಯಿಂದ. ಉಪ್ಪಿಗೆ ಅಂಗೈ ಗುಳಿಯೇ ಅಳತೆ. ತಪ್ಪಿದರೆ ನಿಮ್ಮ ತಾತ ಮೊದಲ ತುತ್ತಿಗೇ ಹೇಳುತ್ತಿದ್ದರು: "ಏನೇ, ಉಪ್ಪಿನ ಡಬ್ಬ ಇವತ್ತು ರಜಾ ಹಾಕಿದ್ಯಾ?" ಅವರ ನಾಲಿಗೆಯನ್ನು ನಂಬಿಯೇ ನಲವತ್ತೊಂದು ವರ್ಷ ಅಡುಗೆ ಮಾಡಿದೆ. ಅವರು ಹೋದ ಮೇಲೆ ನಿಮ್ಮ ಅಮ್ಮ ನನ್ನನ್ನು ಇಲ್ಲಿಗೆ ಕರೆತಂದಳು.

ಇಲ್ಲಿ ಹಗಲೆಲ್ಲ ಒಬ್ಬಳೇ. ಹೊರಗೆ ಎಲ್ಲ ಬಾಗಿಲುಗಳೂ ಒಂದೇ ಥರ. ದಾರಿ ತಪ್ಪೀತೆಂದು ಮೆಟ್ಟಿಲು ಇಳಿಯುತ್ತಿರಲಿಲ್ಲ. ಜೊತೆಗಿದ್ದವರು ಆ ಟಿ.ವಿ. ಅಜ್ಜಿ ಮಾತ್ರ. ಮೇಧಾ, ಅವರ ಕಥೆಯನ್ನು ನನಗೆ ಬಿಡಿಸಿ ಹೇಳಿದವಳು ನೀನು. ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತ ಅಡುಗೆ ಕಲಿತರಂತೆ. ಪತ್ರಿಕೆಗೆ ಬರೆದರು, ಪುಸ್ತಕ ಮಾಡಿದರು, ಆಮೇಲೆ ಟಿ.ವಿ.ಗೆ ಬಂದರು. ಮೊದಲ ಪುಸ್ತಕದಲ್ಲಿ ಒಂದು ಅಳತೆ ತಪ್ಪಾಗಿ, ಓದಿದವರ ಕೇಕುಗಳೆಲ್ಲ ಕುಸಿದವಂತೆ. ಬೈದು ಕಾಗದ ಬರೆದವರೇ ತನಗೆ ಅಡುಗೆ ಬರೆಯಲು ಕಲಿಸಿದರು ಎಂದು ಅವರು ನಗುತ್ತಿದ್ದರು.

ನನ್ನನ್ನು ಬೈಯುವವರು ಇರಲಿಲ್ಲ. ನಚಿಕೇತ, ನೀನು "ಇಟ್ಸ್ ಫೈನ್, ಅಜ್ಜಿ" ಎಂದು ಅರ್ಧ ಬಿಟ್ಟು ಏಳುತ್ತಿದ್ದೆ. ನಿಮ್ಮಪ್ಪ ಉಪ್ಪಿನಕಾಯಿ ಬಾಟಲಿಯನ್ನು ಹತ್ತಿರ ಎಳೆದುಕೊಳ್ಳುತ್ತಿದ್ದರು. ಬಿ.ಪಿ. ಎಂದು ನನ್ನ ಪಾಲನ್ನು ಉಪ್ಪು ಹಾಕುವ ಮೊದಲೇ ತೆಗೆದಿಡುತ್ತಿದ್ದ ನನಗೆ ಏನೂ ತಿಳಿಯಲಿಲ್ಲ.

ಒಂದು ಮಧ್ಯಾಹ್ನ ಟಿ.ವಿ. ಅಜ್ಜಿ ಇದೇ ಕೊನೆಯ ಕಾರ್ಯಕ್ರಮ, ಇನ್ನು ಸಾಕೆಂದು ಏಪ್ರನ್ ಬಿಚ್ಚಿ ಮಡಿಸಿಟ್ಟರು. ನನ್ನ ಪಾಲಿಗೆ ಇನ್ನೊಂದು ಸಾವಾದಂತಾಯಿತು. ಒಳಗೆ ಹೋಗಿ, ದೇವರ ಪಟಕ್ಕೆ ಬೆನ್ನು ಮಾಡಿ, ಒಲೆಯ ಮೇಲೆ ಆಗಲೇ ಉಪ್ಪು ಹಾಕಿದ್ದ ಸಾರನ್ನು ಚಮಚದಲ್ಲಿ ಬಾಯಿಗಿಟ್ಟೆ. ಸಪ್ಪೆ. ಇಲ್ಲಿನ ಉಪ್ಪು ತೆಳು ಚಕ್ಕೆಗಳಂತೆ ಹಗುರ. ಊರಿನ ಹರಳುಪ್ಪಿನ ಅಳತೆ ಅದಕ್ಕೆ ಸಾಲದು. ಎಂಟು ತಿಂಗಳು ನೀವು ಅದನ್ನೇ ಉಂಡಿದ್ದಿರಿ.

ಸಂಜೆ ನಿಮ್ಮ ಅಮ್ಮನನ್ನು ಕೇಳಿದೆ, "ಯಾಕೇ ಹೇಳ್ಲಿಲ್ಲ?"

"ಅಪ್ಪ ಹೋದ್ಮೇಲೆ ನಿಂಗೆ ಉಳಿದಿದ್ದೇ ಅಡುಗೆ. ಅದನ್ನೂ ಹೇಗಮ್ಮ ಕಿತ್ಕೊಳ್ಲಿ?"

"ಆನೆಸ್ಟ್ಲಿ ಅಜ್ಜಿ, ಇಟ್ ವಾಸ್ ಹಾಟ್ ವಾಟರ್," ಎಂದೆ ನೀನು, ನಚಿಕೇತ. ಅಮ್ಮ ಗದರಿದಳು. ನನಗೆ ನಿಮ್ಮ ತಾತನೇ ಮಾತಾಡಿದಂತಾಗಿ ಅಳು ಬಂತು.

ಈಗ ದಿನವೂ ರುಚಿ ನೋಡುತ್ತೇನೆ, ಹಬ್ಬದ ದಿನ ಮಾತ್ರ ನೋಡುವುದಿಲ್ಲ. ನೋಡಿದ ದಿನ ಊರಿನ ಕ್ರಮಕ್ಕೆ ತಪ್ಪಿದಂತೆ, ನೋಡದ ದಿನ ನಿಮಗೆ ಮೋಸ ಮಾಡಿದಂತೆ ಇರುತ್ತದೆ.

ಮುಂದಿನ ಹಾಳೆಗಳಲ್ಲಿ ನನ್ನ ಹನ್ನೆರಡು ಅಡುಗೆಗಳನ್ನು ನಿಮ್ಮ ಮನೆಯ ಚಮಚದ ಅಳತೆಯಲ್ಲಿ ಬರೆದಿದ್ದೇನೆ. ನಿಮಗೆ ಕನ್ನಡ ಓದಲು ಬಾರದು. ಅಮ್ಮ ಓದಿ ಹೇಳಲಿ. ಉಪ್ಪಿನ ಮುಂದೆ ಮಾತ್ರ ಜಾಗ ಬಿಟ್ಟಿದ್ದೇನೆ. ಮಾಡಿ, ತಿಂದು, ನನ್ನನ್ನು ಬೈದು, ನೀವೇ ತುಂಬಿ. ನಾನು ಇರುವಾಗಲೇ ತುಂಬಿದರೆ ಒಳ್ಳೆಯದು. ಇಲ್ಲದಿದ್ದರೆ, ಯಾವಾಗಲಾದರೂ ನೀವು ತುಂಬುವವರೆಗೆ ಈ ಹಾಳೆಗಳು ಒದ್ದೆಯಾಗದಂತೆ ಜೋಪಾನ ಮಾಡಿ.