ಎಂಟು ಫೋಟೋದ ಜಡೆ

ಫೋಟೋ ಮೇಷ್ಟ್ರ ತರಗತಿಯಲ್ಲಿ ಬಾಯಿಗೆ ಬೀಗ. ಯಾವ ಕೆಲಸವನ್ನಾದರೂ ಎಂಟೇ ಫೋಟೋಗಳಲ್ಲಿ ವಿವರಿಸಬೇಕು, ಕೆಳಗೆ ಒಂದಕ್ಷರವೂ ಬರೆಯಬಾರದು, ಅವನ್ನು ನೋಡಿ ಏನೂ ಅರಿಯದವನೂ ಆ ಕೆಲಸ ಮಾಡುವಂತಿರಬೇಕು. ಮಾತೇ ಬೇಡವೆನ್ನುವ ಈ ಪಾಠವನ್ನು ಮೇಷ್ಟ್ರು ಮಾತ್ರ ಇಪ್ಪತ್ತೆರಡು ವರ್ಷದಿಂದ ಗಂಟೆಗಟ್ಟಲೆ ಮಾತಾಡಿಯೇ ಕಲಿಸುತ್ತಿದ್ದರು. "ದುಡಿಯೋ ಕೈ ಮಾತ್ರ ಕಾಣ್ಬೇಕು, ಮಿಕ್ಕಿದ್ದೆಲ್ಲ ಕಸ" ಎನ್ನುತ್ತ, ಮಕ್ಕಳು ತಂದ ಫೋಟೋಗಳ ಅಂಚನ್ನು ಕಚಕ್ಕನೆ ಕತ್ತರಿಸಿಬಿಡುತ್ತಿದ್ದರು. ಪಂಕ್ಚರ್ ಹಾಕುವವನ ಮುಖ, ಗುಂಡಿ ಹೊಲಿಯುವವಳ ಮೊಣಕಾಲು, ಯಾವುದಕ್ಕೂ ದಯೆಯಿರಲಿಲ್ಲ.

ಇಂಥವರ ಹೆಂಡತಿ ಬಚ್ಚಲಲ್ಲಿ ಜಾರಿ ಬಲ ಮಣಿಕಟ್ಟು ಮುರಿದುಕೊಂಡರು. ನೋವನ್ನು ಹೇಗೋ ಸಹಿಸಿದರು. ಜಡೆ ಹಾಕಿಕೊಳ್ಳಲಾಗದ್ದನ್ನು ಸಹಿಸಲಿಲ್ಲ. ಅವರು ಓದಿದ ಶಾಲೆಯಲ್ಲಿ ಅವರ ಅಡ್ಡಹೆಸರೇ 'ಉದ್ದಜಡೆ'. ಮೂವತ್ತು ವರ್ಷದ ಮೇಲೆ ಅಲ್ಲಿನ ಗೆಳತಿಯರೆಲ್ಲ ಶುಕ್ರವಾರ ನಾಲ್ಕು ಗಂಟೆಗೆ ಸೇರುವವರಿದ್ದರು.

"ಪಕ್ಕದ್ಮನೆಯವರನ್ನ ಕರೀಲಾ?" ಎಂದು ಹೆಂಡತಿ ಕೇಳಿದರು.

"ಯಾಕೆ, ನಾನಿಲ್ವಾ? ಎಂಟು ಫೋಟೋ ಇದ್ರೆ ಕತ್ತೆಗೂ ಜಡೆ ಹಾಕೋದು ಕಲಿಸ್ಬಹುದು."

"ಆ ಕತ್ತೆ ಬೇಗ ಕಲೀಲಿ. ಜಡೆ ನಿಲ್ಲದಿದ್ರೆ ನಾನಂತೂ ಹೋಗಲ್ಲ ರೀ."

ಮಾರನೇ ದಿನವೇ ತರಗತಿಗೆ ಜಡೆಯ ಪಾಠ ಬಂತು. ಕನ್ನಡಕದ ಹುಡುಗಿಯೊಬ್ಬಳು, ತನ್ನ ಅಮ್ಮ ತಂಗಿಗೆ ಜಡೆ ಹಾಕುವುದನ್ನು ಚೆಂದವಾಗಿ ತೆಗೆದು ತಂದಳು. ಮೇಷ್ಟ್ರು ಎಂಟನ್ನೂ ಕತ್ತರಿಸಿ, ಎಳೆ ದಾಟಿಸುವ ಕೈಯೊಂದನ್ನೇ ಉಳಿಸಿ, ಮನೆಗೆ ಒಯ್ದರು.

ಶುಕ್ರವಾರ ಬೆಳಿಗ್ಗೆ ಅವನ್ನು ಕನ್ನಡಿಯ ಸುತ್ತ ಅಂಟಿಸಿ, ಹೆಂಡತಿಯ ಹಿಂದೆ ನಿಂತರು. ಒಂದು ಎಳೆ ದಾಟಿಸುವಷ್ಟರಲ್ಲಿ ಇನ್ನೆರಡು ಜಾರಿಹೋದವು. ಬಾಚಣಿಗೆ ಸರಿಯಿಲ್ಲ ಎಂದರು, ಎಣ್ಣೆ ಹೆಚ್ಚಾಯಿತು ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೂರು ಸಲ ಜಡೆ ಬಿಚ್ಚಿಕೊಂಡಾಗಲೂ ನಕ್ಕ ಹೆಂಡತಿ ನಾಲ್ಕನೇ ಸಲ ನಗಲಿಲ್ಲ. "ಬಿಡಿ, ಫೋನ್ ಮಾಡಿ ಬರಲ್ಲ ಅಂತೀನಿ" ಎಂದರು. ಆ ದನಿ ಕೇಳಿ ಮೇಷ್ಟ್ರಿಗೆ ನಿಜಕ್ಕೂ ಸಂಕಟವಾಯಿತು.

ಆ ಸಂಕಟವನ್ನೆಲ್ಲ ತರಗತಿಯಲ್ಲಿ ಹುಡುಗಿಯ ಮೇಲೆ ತೀರಿಸಿಕೊಂಡರು. "ಏನಮ್ಮಾ ಇದು ನಿನ್ನ ಫೋಟೋ? ಉಳಿದೆರಡು ಎಳೇನ ಯಾರು ಹಿಡ್ಕೋಬೇಕು?"

"ಇನ್ನೊಂದು ಕೈ ಹಿಡ್ಕೊಂಡಿತ್ತು ಸಾರ್. ನೀವೇ ಕಸ ಅಂದ್ರಿ."

ಅವಳು ಪುಸ್ತಕದ ನಡುವಿನಿಂದ ಎಂಟು ಚೂರು ತೆಗೆದು ಮೇಜಿನ ಮೇಲಿಟ್ಟಳು. ಒಂದೊಂದರಲ್ಲೂ ಎರಡೆರಡು ಎಳೆಯನ್ನು ಬಿಗಿಯಾಗಿ ಹಿಡಿದು ಸುಮ್ಮನಿದ್ದ ಕೈ. ಮಾಡಿದ್ದುಣ್ಣೋ ಮಹರಾಯ! ತರಗತಿ ಗೊಳ್ಳೆಂದಿತು. ಮೇಷ್ಟ್ರು ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಮಾತಿಲ್ಲದೆ ಚೂರುಗಳನ್ನು ಜೇಬಿಗೆ ಹಾಕಿಕೊಂಡು, ಅರ್ಧ ದಿನ ರಜೆ ಬರೆದು ಮನೆಗೆ ಓಡಿದರು.

ಚೂರುಗಳೂ ಕನ್ನಡಿಗೆ ಅಂಟಿದ ಮೇಲೆ, ಮೂರೂವರೆಗೆ ಜಡೆ ನಿಂತಿತು. ಕೊಂಚ ಎಡಕ್ಕೆ ವಾಲಿತ್ತು, ಮಧ್ಯದಲ್ಲೊಂದು ಕಡೆ ಉಬ್ಬಿತ್ತು. ಹೆಂಡತಿ ಅದನ್ನು ಎಡಗೈಯಿಂದ ತಡವಿ, "ಸೊಟ್ಟ" ಎಂದವರೇ ಚಪ್ಪಲಿ ಮೆಟ್ಟಿ ಹೊರಟರು.

ಆರು ಗಂಟೆಗೆ ಮೇಷ್ಟ್ರ ಫೋನಿಗೆ ಹೆಂಡತಿಯಿಂದ ಒಂದು ಫೋಟೋ ಬಂತು. ಹತ್ತೊಂಬತ್ತು ಗೆಳತಿಯರು ಸಾಲಾಗಿ ನಿಂತು ಹಲ್ಲು ಬಿಟ್ಟಿದ್ದರು. ಇಪ್ಪತ್ತನೆಯವರು ಮಾತ್ರ ನಟ್ಟನಡುವೆ ಕ್ಯಾಮೆರಾಗೆ ಬೆನ್ನು ಹಾಕಿ ನಿಂತಿದ್ದರು, ಸೊಟ್ಟ ಜಡೆ ಪೂರ್ತಿ ಕಾಣುವ ಹಾಗೆ. ಕೆಳಗೆ ಒಂದಕ್ಷರವೂ ಬರೆದಿರಲಿಲ್ಲ.