ಬಂಗುಡೆಯ ಹೊಟ್ಟೆಯ ಮೇಲಿನ ಹೆಬ್ಬೆರಳು

ಕಳೆದ ದಸರೆಯಿಂದ ಈ ಬೇಸಿಗೆಯವರೆಗೂ ನಮ್ಮ ಗ್ಯಾರೇಜಿನ ತಂತಿಯಲ್ಲಿ ಒಂದು ಬಂಗುಡೆ ನೇತಾಡುತ್ತಿತ್ತು. ಮರದ ಬಂಗುಡೆ. ಇದನ್ನು ಮೊದಲೇ ಹೇಳಿಬಿಡಬೇಕು. ನಾನು ಮೈಸೂರಿನ ಸಸ್ಯಾಹಾರಿ ಮನೆಯವನು. ಮೀನು ತಿನ್ನುವುದಿರಲಿ, ಹಿಡಿದದ್ದನ್ನು ವಾಪಸ್ ನೀರಿಗೆ ಬಿಡುವಾಗಲೂ ಅದಕ್ಕೆ ನೋವಾಯಿತೇ, ನನ್ನ ಕೈ ವಾಸನೆ ಹೊಡೆಯುತ್ತಿದೆಯೇ ಎಂದು ಎರಡೂ ಕಡೆ ಚಿಂತಿಸುವವನು.

ಆ ಬಂಗುಡೆಯನ್ನು ಕೆತ್ತಿ, ಬಣ್ಣ ಹಚ್ಚಿದವನು ನನ್ನ ಗೆಳೆಯ. ಕುಂದಾಪುರದವನು. ಮೊದಲು ಇಲ್ಲೇ, ನಾವಿರುವ ಅಲೆನ್ ಊರಿನಲ್ಲಿ, ನಮ್ಮ ಹಿಂದಿನ ಬೀದಿಯಲ್ಲಿದ್ದ. ಆಮೇಲೆ ಕೆಲಸ ಬದಲಾಗಿ ಹ್ಯೂಸ್ಟನ್ ಕಡೆಯ ಫುಲ್‌ಶೀರ್‌ಗೆ ಶಿಫ್ಟ್ ಆದ. ರಜೆ ಸಿಕ್ಕಾಗಲೆಲ್ಲ ಹೆಂಡತಿಯನ್ನು ಕರೆದುಕೊಂಡು ಡ್ರೈವ್ ಮಾಡಿಕೊಂಡು ಬರುತ್ತಿದ್ದ. ಹೆಂಗಸರು ಒಳಗೆ ಮಾತಿಗೆ ಕೂತರೆ ನಾವಿಬ್ಬರು ಗ್ಯಾರೇಜಿನಲ್ಲಿ ಲ್ಯೂರ್ ಮಾಡುತ್ತಿದ್ದೆವು. ಲ್ಯೂರ್ ಎಂದರೆ ದೊಡ್ಡ ಮೀನನ್ನು ಮೋಸಗೊಳಿಸಲು ಮಾಡುವ ಸುಳ್ಳು ಮೀನು. ಅದರ ಹೊಟ್ಟೆಗೆ ಗಾಳ ಸಿಕ್ಕಿಸುತ್ತಾರೆ. ಇಲ್ಲಿನ ಕೆರೆಗಳಲ್ಲಿರುವುದು ಬಾಸ್ ಮೀನು. ಬಾಸ್ ತನ್ನ ಜನ್ಮದಲ್ಲಿ ಬಂಗುಡೆ ಕಂಡಿಲ್ಲ, ಅದು ಸಮುದ್ರದ್ದು. ನಾನು ಹಾಗೆಂದದ್ದಕ್ಕೆ ಅವನು ಬ್ರಶ್ ಎತ್ತದೆ ಹೇಳಿದ್ದ:

"ನೀನು ಆಫೀಸಿಗೆ ಮೊದಲ್ನೇ ದಿನ ಟೈ ಕಟ್ಕೊಂಡು ಹೋದಾಗ ಎಲ್ಲರೂ ತಿರುಗಿ ನೋಡ್ಲಿಲ್ವಾ ಮಾರಾಯ? ಹಾಗೇ ಇದೂ."

ಕೆತ್ತುವುದು, ಬಣ್ಣ ಹಚ್ಚುವುದು ಅವನದು. ಮೇಲೆ ಕ್ಲಿಯರ್ ಕೋಟ್ ಹಾಕುವುದು ನನ್ನದು. ಈ ಹಂಚಿಕೆಗೆ ನನ್ನ ಕೈಚಳಕ ಕಾರಣವಲ್ಲ, ನನ್ನ ಹೆದರಿಕೆ ಕಾರಣ. ಕೋಟ್ ಎಂಬುದು ಚಿಂತೆ ಮಾಡುವವರ ಕೆಲಸ. ಬಣ್ಣ ಎಷ್ಟೇ ಚೆನ್ನಾಗಿರಲಿ, ಅದರ ಮೇಲಿನ ಗಾಜಿನಂಥ ಪದರ ಎಲ್ಲೋ ಒಂದು ಕಡೆ ಹಿಡಿಯದೇ ಹೋದರೆ ಅಲ್ಲಿಂದ ನೀರು ಒಳಗೆ ಹೋಗುತ್ತದೆ. ಮರ ಉಬ್ಬುತ್ತದೆ, ಬಣ್ಣ ಬಿರಿಯುತ್ತದೆ, ಮೀನು ಒಂದೇ ಮಧ್ಯಾಹ್ನದಲ್ಲಿ ಸಾಯುತ್ತದೆ. ಅವನಿಗೆ ಇಷ್ಟೆಲ್ಲ ಯೋಚಿಸುವ ತಾಳ್ಮೆ ಇರಲಿಲ್ಲ. ನನಗೆ ಬೇರೆ ಯೋಚನೆಯೇ ಇರಲಿಲ್ಲ.

ಮೊದಮೊದಲು ನಾವು ಎರಡು ಬಾಟಲಿ ಬೆರೆಸುವ ಎಪಾಕ್ಸಿ ಅಂಟು ಹಾಕುತ್ತಿದ್ದೆವು. ಅದು ಗಟ್ಟಿಯಾಗುವವರೆಗೆ ಲ್ಯೂರ್ ನಿಧಾನವಾಗಿ ತಿರುಗುತ್ತಿರಬೇಕು, ಇಲ್ಲದಿದ್ದರೆ ಕೆಳಗಿಳಿದು ಮೂಗಿನ ತುದಿಯಲ್ಲಿ ಸಿಂಬಳದಂತೆ ನಿಲ್ಲುತ್ತದೆ. ತಿರುಗಿಸಲು ಏನಿದೆ ಎಂದು ಹುಡುಕಿದಾಗ ಸಿಕ್ಕಿದ್ದು ದೋಸೆ ಹಿಟ್ಟು ರುಬ್ಬುವ ನಮ್ಮ ಹಳೇ ಟೇಬಲ್‌ಟಾಪ್ ಗ್ರೈಂಡರ್. ಕಲ್ಲು ತೆಗೆದು ಲ್ಯೂರ್ ಕಟ್ಟಿ ಸ್ವಿಚ್ ಒತ್ತಿದೆವು. ಎಪಾಕ್ಸಿ ಗೋಡೆಗೆ, ಸೈಕಲ್ಲಿಗೆ, ನನ್ನ ಕನ್ನಡಕಕ್ಕೆ ಹಾರಿತು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು, "ರೀ, ಇನ್ನು ಅದರಲ್ಲಿ ದೋಸೆ ಹಿಟ್ಟು ರುಬ್ಬಿದ್ರೆ ನೀವೇ ಮೊದಲು ತಿನ್ಬೇಕು" ಎಂದಳು. ಗ್ರೈಂಡರ್ ಶಾಶ್ವತವಾಗಿ ಗ್ಯಾರೇಜಿಗೆ ಬಿತ್ತು. ಆಮೇಲೆ ನಾವು ನೇರಳೆ ಬೆಳಕಿನ ಟಾರ್ಚ್ ಬಿಟ್ಟರೆ ಗಟ್ಟಿಯಾಗುವ ಯುವಿ ರೆಸಿನ್‌ಗೆ ಬದಲಾದೆವು.

ಅದಕ್ಕೂ ನನ್ನ ಕಟ್ಟುಪಾಡುಗಳಿದ್ದವು. ಗ್ಯಾರೇಜ್ ಬಾಗಿಲು ಪೂರ್ತಿ ಎತ್ತಬೇಕು. ಹಸಿ ರೆಸಿನ್ ಚರ್ಮಕ್ಕೆ ತಗುಲುತ್ತಾ ಹೋದರೆ ಒಂದು ದಿನ ಮೈ ಅದನ್ನು ಸಹಿಸುವುದೇ ಇಲ್ಲ, ಆದ್ದರಿಂದ ಕೈಗವಸು. ಕಾರ್ಬನ್ ಫಿಲ್ಟರಿನ ಮಾಸ್ಕ್. ಕಣ್ಣಿಗೆ ಹಳದಿ ಕನ್ನಡಕ. ಮೂಲೆಯಲ್ಲಿ ನೀರು ಕಾಯಿಸುವ ಗ್ಯಾಸ್ ಹೀಟರಿನ ಪುಟ್ಟ ಜ್ವಾಲೆ ಸದಾ ಉರಿಯುವುದರಿಂದ ಒರೆಸುವ ಆಲ್ಕೋಹಾಲ್ ಏನಿದ್ದರೂ ಬಾಗಿಲ ಹೊರಗೆ. ಯಾವ ಹೊಸ ಕೋಟ್ ಬಂದರೂ ಮೊದಲು ಅದೇ ಬಣ್ಣ ಹಚ್ಚಿದ ಪ್ಲಾಸ್ಟಿಕ್ ಚಮಚದ ಮೇಲೆ ಪರೀಕ್ಷೆ. ಬಾಗಿಲು ತೆರೆದಿದ್ದರೆ ಬಿಸಿಲಿಗೇ ರೆಸಿನ್ ಗಟ್ಟಿಯಾಗುತ್ತದೆಯಾದ್ದರಿಂದ ಸೂರ್ಯ ಇಳಿದ ಮೇಲೆಯೇ ಕೆಲಸ. ಅವನು ಬೀರ್ ಹಿಡಿದು ಕುರ್ಚಿಯಲ್ಲಿ ಕೂತು ನನ್ನನ್ನು ನೋಡುತ್ತಿದ್ದ. "ಆಪರೇಷನ್ ಶುರು ಮಾಡಿ ಡಾಕ್ಟ್ರೇ. ಪೇಶೆಂಟ್ ಮರದ್ದು, ಏನೂ ಆಗುದಿಲ್ಲ."

ಕಳೆದ ದಸರೆಯ ಆಯುಧಪೂಜೆಗೂ ಗಂಡ ಹೆಂಡತಿ ಬಂದಿದ್ದರು. ನಮ್ಮಲ್ಲಿ ಪೂಜೆ ನಡೆಯುವುದು ಗ್ಯಾರೇಜಿನಲ್ಲೇ: ಕಾರು, ಡ್ರಿಲ್, ಹುಲ್ಲು ಕತ್ತರಿಸುವ ಮೆಷಿನ್, ಲ್ಯಾಪ್‌ಟಾಪ್, ಹಿಂಬಡ್ತಿ ಪಡೆದ ಗ್ರೈಂಡರ್ ಎಲ್ಲಕ್ಕೂ ಅರಿಶಿನ ಕುಂಕುಮ. ಅವನು ಆ ಮಧ್ಯಾಹ್ನವಷ್ಟೇ ಬಂಗುಡೆಯ ಬಣ್ಣ ಮುಗಿಸಿದ್ದ. ಪೂಜೆಯ ತಟ್ಟೆಯಿಂದ ಅದನ್ನೆತ್ತಿ ತಂತಿಗೆ ಸಿಕ್ಕಿಸಿ, "ಮುಂದಿನ ಸಲ ಬಂದಾಗ ಕೋಟ್ ಹಾಕು" ಎಂದು ಹೋದ.

ಮುಂದಿನ ಸಲ ಇರಲಿಲ್ಲ. ದೀಪಾವಳಿಯ ಹೊತ್ತಿಗೆ, ಫುಲ್‌ಶೀರ್‌ನ ಮನೆಯಲ್ಲಿ, ಬೆಳಿಗ್ಗೆ ಕಾಫಿ ಲೋಟ ಕೈಯಲ್ಲಿರುವಾಗಲೇ ಅವನ ಹೃದಯ ನಿಂತಿತು. ಸದಾ ಬಿಪಿ ನೋಡಿಕೊಳ್ಳುವ, ಉಪ್ಪಿನಕಾಯಿಗೆ ಹೆದರುವ ನಾನು ಇನ್ನೂ ಇದ್ದೇನೆ. ಇದರಲ್ಲಿ ಯಾವ ನ್ಯಾಯವಿದೆಯೋ ಯಾರೂ ಹೇಳಿಲ್ಲ.

ಅಂತ್ಯಕ್ರಿಯೆ ಮುಗಿಸಿ ಬಂದ ಮೇಲೆ ಗ್ಯಾರೇಜಿಗೆ ಹೋಗುವುದು ಕಷ್ಟವಾಯಿತು. ಬಾಗಿಲು ಎತ್ತಿದೊಡನೆ ಗಾಳಿಗೆ ಬಂಗುಡೆ ತಂತಿಯಲ್ಲಿ ಸುತ್ತಿ, ನಿಧಾನವಾಗಿ, ನನ್ನ ಕಡೆಗೇ ಮುಖ ಮಾಡಿ ನಿಲ್ಲುತ್ತಿತ್ತು. ಪ್ರತಿ ಸಲವೂ. ತಂತಿಯ ತಿರುಚು ಹಾಗಿದೆ ಎಂದು ನನಗೆ ಗೊತ್ತು, ನಾನು ಇಂಜಿನಿಯರ್. ಆದರೂ ಕಾರನ್ನು ಹೊರಗೆ ನಿಲ್ಲಿಸತೊಡಗಿದೆ. ವಸಂತ ಬಂತು, ಆಲಿಕಲ್ಲಿನ ಕಾಲ. ಹೆಂಡತಿ ಕೇಳಿದಳು:

"ಎಲ್ಲರೂ ಕಾರು ಒಳಗೆ ಹಾಕ್ತಿದ್ರೆ ನೀವು ಹೊರಗೆ ನಿಲ್ಲಿಸ್ತೀರಲ್ರೀ. ಒಳಗೆ ಯಾರಿದಾರೆ?"

"ಯಾರೂ ಇಲ್ಲ. ಕಾರಿಗೆ ಗಾಳಿ ಆಡ್ಲಿ ಅಂತ."

ಅವಳು ನನ್ನನ್ನು ನೋಡಿ, ಕಾರಿನ ಮೇಲೆ ಹಳೇ ಕಂಬಳಿ ಹೊದಿಸಿ ಬಂದಳು.

ಮೇ ತಿಂಗಳಲ್ಲಿ ಅವನ ಮಗಳ ಕರೆ ಬಂತು. ಅವಳು ಆಸ್ಟಿನ್‌ನಲ್ಲಿ ಓದುತ್ತಾಳೆ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿ. "ಅಂಕಲ್, ಅಪ್ಪನ ಬಂಗುಡೆ ಸ್ಟಿಲ್ ದೇರ್? ಐ ವಾಂಟ್ ಟು ಫಿಶ್ ಇಟ್." ಗಾಜಿನ ಪೆಟ್ಟಿಗೆಯಲ್ಲಿ ಇಡಲಲ್ಲ, ನೀರಿಗೆ ಎಸೆಯಲು. ಒಂದು ಶನಿವಾರ ಅಮ್ಮನನ್ನೂ ಕರೆತರುವುದಾಗಿ, ಮರುದಿನ ನಮ್ಮ ಹತ್ತಿರದ ಕೆರೆಗೆ ಹೋಗುವುದಾಗಿ ಹೇಳಿದಳು. ಅಪ್ಪ ಮಾಡಿದ ಉಳಿದ ಲ್ಯೂರ್‌ಗಳೆಲ್ಲ ಕೆರೆಗಳಲ್ಲಿ ಮುಳುಗಿದ ಮರಗಳಿಗೆ ಒಂದೊಂದಾಗಿ ಸಿಕ್ಕಿ ಹೋಗಿದ್ದವು. ಇದೊಂದೇ ಉಳಿದದ್ದು. ನಾನು ಕೆಡಿಸಿದರೆ ಮತ್ತೊಂದಿಲ್ಲ.

ಅವರು ಬರುವ ವಾರದ ಒಂದು ಮುಸ್ಸಂಜೆ ಧೈರ್ಯ ಮಾಡಿ ಹೋದೆ. ಬಂಗುಡೆಯನ್ನು ಇಳಿಸದೆ, ನೇರಳೆ ಟಾರ್ಚಿನ ಬ್ಯಾಟರಿ ಇದೆಯೇ ನೋಡೋಣವೆಂದು ಅದರ ಕಡೆ ಬೆಳಕು ಬಿಟ್ಟೆ.

ಮೀನಿನ ಹೊಟ್ಟೆಯ ಮೇಲೆ ಒಂದು ಹೆಬ್ಬೆರಳು ಹೊಳೆಯಿತು.

ಹಸಿರು ಮಿಶ್ರಿತ ಹಳದಿ, ಮಿಂಚುಹುಳದ ಬಣ್ಣ. ರೇಖೆಗಳೂ ಕಾಣುತ್ತಿದ್ದವು. ಆಚೆ ಬದಿಗೆ ತಿರುಗಿಸಿದೆ, ಅಲ್ಲಿ ತೋರುಬೆರಳು. ಯಾರೋ ಆ ಕ್ಷಣದಲ್ಲಿ ಅದನ್ನು ಹಿಡಿದು ನಿಂತಿರುವಂತೆ, ಆದರೆ ಕೈ ಮಾತ್ರ ಇಲ್ಲ. ನಾನು ಏನು ಮಾಡಿದೆ ಎಂದು ಗಂಭೀರವಾಗಿ ಬರೆಯಲು ಆಗುವುದಿಲ್ಲ. ಟಾರ್ಚ್ ಕೆಳಗೆ ಬಿಟ್ಟು, ಗ್ರೈಂಡರಿಗೆ ಮೊಣಕಾಲು ಹೊಡೆದುಕೊಂಡು, ಅದಕ್ಕೆ "ಸಾರಿ" ಎಂದು ಹೇಳಿ, ಮನೆ ಮುಂದಿನ ಡ್ರೈವ್‌ವೇಗೆ ಓಡಿಬಂದೆ.

ಬೀದಿದೀಪದ ಕೆಳಗೆ ನಿಂತ ಮೇಲೆ ಬುದ್ಧಿ ವಾಪಸ್ ಬಂತು. ಅರಿಶಿನ. ಪೂಜೆಯ ತಟ್ಟೆ ಮುಟ್ಟಿದ ಕೈಯಲ್ಲೇ ಅವನು ಮೀನನ್ನು ಎತ್ತಿದ್ದ. ಹೊಟ್ಟೆಗೆ ಅವನೇ ಹಚ್ಚಿದ್ದ ತಿಳಿ ಹಳದಿಯಲ್ಲಿ ಆ ಗುರುತು ಬರಿಗಣ್ಣಿಗೆ ಕಾಣುತ್ತಿರಲಿಲ್ಲ. ನೇರಳೆ ಬೆಳಕಿಗೆ ಅರಿಶಿನ ಹೊಳೆಯುತ್ತದೆ, ಅಷ್ಟೇ. ಮರಳಿ ಹೋಗಿ ಬೆಳಕನ್ನು ಸುತ್ತ ಆಡಿಸಿದೆ. ಡ್ರಿಲ್ಲಿನ ಹಿಡಿಯಲ್ಲಿ, ಸ್ವಿಚ್ಚಿನಲ್ಲಿ, ಬಾಗಿಲ ಚೌಕಟ್ಟಿನಲ್ಲಿ ಕತ್ತಲೊಳಗಿಂದ ಬೆರಳುಗಳು ಒಂದೊಂದಾಗಿ ಎದ್ದವು. ಆ ಇಡೀ ಚಳಿಗಾಲ ಅವು ಇಲ್ಲೇ ಇದ್ದವು. ಕಾರಣ ಗೊತ್ತಾದರೆ ಹೆದರಿಕೆ ಹೋಗುತ್ತದೆ ಎನ್ನುತ್ತಾರೆ. ನನಗೆ ಹೋಗಲಿಲ್ಲ.

ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು.

"ಇವೆಲ್ಲ ನಂದೂ ಇರಬಹುದು, ನಿಮ್ಮದೂ ಇರಬಹುದು."

"ಚೌಕಟ್ಟಿನದು ಇರಬಹುದು. ಇದು ಅಲ್ಲ." ಮೀನಿನ ಮೇಲಿನ ಗುರುತಿನ ಪಕ್ಕ, ಮುಟ್ಟದೆ, ನನ್ನ ಹೆಬ್ಬೆರಳು ಹಿಡಿದೆ. ಕೀಬೋರ್ಡ್ ಒತ್ತಿ ಬೆಳೆದ ನನ್ನ ಬೆರಳು ಅದರ ಮುಂದೆ ಬೆಂಡೆಕಾಯಿ.

ಆಗ ಶುರುವಾಯಿತು ನಿಜವಾದ ಚಿಂತೆ. ಕೋಟ್ ಹಾಕುವ ಮೊದಲು ಲ್ಯೂರನ್ನು ಆಲ್ಕೋಹಾಲಿನಿಂದ ಒರೆಸಲೇಬೇಕು. ಕೈಯ ಜಿಡ್ಡು ಇದ್ದ ಕಡೆ ರೆಸಿನ್ ಅಂಟದೆ ಹಿಂದೆ ಸರಿದು ಗುಂಡಿ ಬೀಳುತ್ತದೆ, ನೀರು ಅಲ್ಲಿಂದಲೇ ಒಳಗೆ ಹೋಗುತ್ತದೆ. ಒರೆಸಿದರೆ ಬೆರಳು ಹೋಗುತ್ತದೆ. ಒರೆಸದಿದ್ದರೆ ಮೀನು ಹೋಗುತ್ತದೆ. ಅವನ ಬೂದಿಯನ್ನೂ ಸಮುದ್ರಕ್ಕೆ ಬಿಟ್ಟಾಗಿದೆ. ಈ ಲೋಕದಲ್ಲಿ ಅವನ ಕೈ ಎಂದು ಉಳಿದದ್ದು ಬಹುಶಃ ಇಷ್ಟೇ, ಅದನ್ನು ಅಳಿಸುವ ಹತ್ತಿ ನನ್ನ ಕೈಯಲ್ಲಿ.

ಚಮಚಗಳ ಮೇಲೆ ಪ್ರಯೋಗಕ್ಕೆ ಕೂತೆ. ಅದೇ ಹಳದಿ ಬಣ್ಣ ಹಚ್ಚಿ, ಒಣಗಿಸಿ, ಅಡುಗೆಮನೆಯ ಅರಿಶಿನದ ಬೆರಳೊತ್ತಿ, ಒರೆಸದೆಯೇ ರೆಸಿನ್ ಹಾಕಿದೆ. ಒಂದರ ಮೇಲೂ ಸರಿಯಾಗಿ ಕೂರಲಿಲ್ಲ. ಬಕೆಟ್ ನೀರಿನಲ್ಲಿ ರಾತ್ರಿ ಬಿಟ್ಟು ಬೆಳಿಗ್ಗೆ ಉಗುರು ಹಾಕಿದರೆ ಕೋಟ್ ಸಿಪ್ಪೆಯಂತೆ ಎದ್ದು ಬಂತು. ಹಗುರವಾಗಿ ಒರೆಸಿದ ಚಮಚ ಮಾತ್ರ ಗಟ್ಟಿಯಾಗಿ ನಿಂತಿತು. ನಡುದಾರಿ ಇರಲಿಲ್ಲ. ನಡುದಾರಿ ಇಲ್ಲದ ಕಡೆ ನನ್ನಂಥವನಿಗೆ ಭೇದಿಯಾಗುತ್ತದೆ. ಆಯಿತು ಕೂಡ.

ಶನಿವಾರ ತಾಯಿ ಮಗಳು ಬಂದರು. ಅತ್ತಿಗೆ (ಅವನ ಹೆಂಡತಿಯನ್ನು ನಾನು ಕರೆಯುವುದು ಹಾಗೆ) ಗ್ಯಾರೇಜ್ ಕಡೆ ನೋಡಲೇ ಇಲ್ಲ. ಸಂಜೆ ಕಾಫಿಯಾಗಿ ಕತ್ತಲಾದ ಮೇಲೆ, ಮುಚ್ಚಿಡಲು ಆಗದೆ, ಇಬ್ಬರನ್ನೂ ಕರೆದುಕೊಂಡು ಹೋಗಿ ಟಾರ್ಚ್ ಬಿಟ್ಟು ತೋರಿಸಿದೆ. ಒರೆಸಿದರೆ ಏನು, ಒರೆಸದಿದ್ದರೆ ಏನು ಎಂದು ವಿವರಿಸಿದೆ. ಆಫೀಸಿನಲ್ಲಿ ಮಾತಾಡುವಂತೆ ಅಗತ್ಯಕ್ಕಿಂತ ಹೆಚ್ಚು ವಿವರಿಸಿದೆ.

ಅತ್ತಿಗೆ ಕೈ ಚಾಚಿ, ಹಿಂದೆಳೆದುಕೊಂಡರು. "ಇದು ಹೀಗೇ ಇರ್ಲಿ. ಕೆರೆಗೆ ಬೇರೆ ಯಾವುದಾದ್ರೂ ತಕೊಂಡು ಹೋದ್ರಾಯ್ತು."

"ಅಮ್ಮಾ, ಹೀ ಮೇಡ್ ಇಟ್ ಟು ಸ್ವಿಮ್."

"ಈಜ್ಲಿಲ್ಲ ಅಂದ್ರೆ ಎಂತ ಆಗ್ತದೆ ಈಗ?"

ಮಗಳು ಮುಂದೆ ಬಂದಳು. ಟಾರ್ಚನ್ನು ನನ್ನ ಕೈಯಿಂದ ತೆಗೆದುಕೊಂಡು ಗುರುತಿನ ಹತ್ತಿರ ಹಿಡಿದಳು. "ಅಂಕಲ್, ಡಸ್ ಇಟ್ ಲಾಸ್ಟ್?"

ಸುಳ್ಳು ಹೇಳಬಹುದಿತ್ತು. "ಇಲ್ಲಮ್ಮ. ಅರಿಶಿನ ಬೆಳಕಿಗೆ ಮಾಸ್ತಾ ಹೋಗುತ್ತೆ. ನಾವು ಟಾರ್ಚ್ ಬಿಟ್ಟು ನೋಡಿದಷ್ಟೂ ಕಮ್ಮಿ ಆಗುತ್ತೆ."

ಅವಳು ತಕ್ಷಣ ಟಾರ್ಚ್ ಆರಿಸಿದಳು. ಕತ್ತಲಲ್ಲಿ ಮೂವರೂ ನಿಂತೆವು. ಹೀಟರಿನ ಜ್ವಾಲೆಯ ಸದ್ದು ಕೇಳುತ್ತಿತ್ತು. ಅತ್ತಿಗೆಯ ಧ್ವನಿ ಬಂತು: "ನೋಡ್ಲಿಕ್ಕೂ ಆಗುದಿಲ್ಲ ಅಂದ್ರೆ ಇಟ್ಟುಕೊಂಡು ಎಂತ ಮಾಡುದು? ಒರೆಸು ಮಗಾ. ಅವರಾಗಿದ್ರೆ ಇಷ್ಟು ಹೊತ್ತಿಗೆ ಬೈತಿದ್ರು."

ಬಾಗಿಲ ಹೊರಗೆ, ಜ್ವಾಲೆಯಿಂದ ದೂರ, ಮಗಳೇ ಒರೆಸಿದಳು. ಹತ್ತಿಯನ್ನು ನೆನೆಸದೆ ತೇವ ಮಾಡಿ, ಉಜ್ಜದೆ, ತಲೆಯಿಂದ ಬಾಲದ ಕಡೆಗೆ ಒಂದೇ ದಿಕ್ಕಿನಲ್ಲಿ. ಹೆಚ್ಚು ಉಜ್ಜಿದರೆ ಬಣ್ಣವೇ ಕಿತ್ತು ಬರುತ್ತದೆ ಎಂದು ನಾನು ಅವಳ ಕಿವಿಯ ಹತ್ತಿರ ಜಪ ಮಾಡುತ್ತಿದ್ದೆ. "ಅಂಕಲ್, ಬ್ರೀದ್" ಎಂದಳು. ಬಿಳಿ ಹತ್ತಿ ಮಾಸಲು ಹಳದಿಯಾಯಿತು. ಅದನ್ನು ಬಿಸಾಡಲು ನಾನು ಕೈ ಚಾಚಿದಾಗ ಅತ್ತಿಗೆ ಮೊದಲೇ ಎತ್ತಿಕೊಂಡಿದ್ದರು. ಸೆರಗಿನ ತುದಿಗೆ ಕಟ್ಟಿಕೊಂಡರು. ಆಲ್ಕೋಹಾಲ್ ಆರುವವರೆಗೆ ಒಲೆಯ ಹತ್ತಿರ ಹೋಗಬೇಡಿ ಎಂದೆ.

ಮೀನನ್ನು ಚೆನ್ನಾಗಿ ಆರಲು ಬಿಟ್ಟು ಒಳಗೆ ತಂದೆ. ಕೈಗವಸು, ಮಾಸ್ಕ್, ಕನ್ನಡಕ ಮೂವರಿಗೂ. ರೆಸಿನ್ ತೆಳ್ಳಗೆ ಎಳೆದೆ. ದಪ್ಪ ಹಾಕಿದರೆ ಬಿಸಿಯೇರಿ ಕುಗ್ಗುತ್ತದೆ. ಗಾಳ ಸಿಕ್ಕಿಸುವ ಕೊಂಡಿಗಳ ಬುಡಕ್ಕೆ ಎರಡು ಸಲ. ಟಾರ್ಚ್ ಒತ್ತಿದಾಗ ಮೂವರೂ ಹೊಟ್ಟೆಯ ಕಡೆ ನೋಡದೆ ಇರಲು ಪ್ರಯತ್ನಿಸಿದೆವು, ಮೂವರೂ ನೋಡಿದೆವು. ನೇರಳೆ ಬೆಳಕಿನಲ್ಲಿ ಅದು ಬರೀ ಮೀನಿನ ಹೊಟ್ಟೆಯಾಗಿತ್ತು.

ಅವರು ಊಟಕ್ಕೆ ಒಳಗೆ ಹೋದ ಮೇಲೆ ಒಬ್ಬನೇ ನಿಂತು ಹೊಸ ಕೈಗವಸು ಹಾಕಿ ಪರೀಕ್ಷಿಸಿದೆ. ಎಲ್ಲೂ ಅಂಟು ಇಲ್ಲ. ಮೂಗಿನಲ್ಲಿ ತೊಟ್ಟು ಇಲ್ಲ. ಓರೆಯಾಗಿ ಹಿಡಿದರೆ ಒಂದೂ ಗುಂಡಿ ಇಲ್ಲ, ಕೆರೆಯ ನೀರಿನಂತೆ ಸಪಾಟು. ಇಷ್ಟು ವರ್ಷಗಳಲ್ಲಿ ಇಂಥ ಕೋಟ್ ನನ್ನ ಕೈಯಿಂದ ಬಿದ್ದಿರಲಿಲ್ಲ. ಸಂತೋಷವಾಯಿತು, ನಿಜಕ್ಕೂ. ಆ ಸಂತೋಷದಲ್ಲೇ ಕೈಗವಸು ಕಿತ್ತು, ಫೋನ್ ತೆಗೆದು, ಫೋಟೋ ಹಿಡಿದು, ಹಳೇ ಅಭ್ಯಾಸದಂತೆ ಅವನ ನಂಬರಿಗೆ ಕಳಿಸಿಬಿಟ್ಟೆ.

ಒಳಗೆ, ಊಟದ ಮನೆಯಲ್ಲಿ, ಅತ್ತಿಗೆಯ ಚೀಲದಲ್ಲಿ ಅವರು ಇನ್ನೂ ಆರಿಸದೆ ಇಟ್ಟುಕೊಂಡಿದ್ದ ಅವನ ಫೋನು ಸದ್ದು ಮಾಡಿತು. ಮಾತು ನಿಂತಿತು. ನಾನು ಗ್ಯಾರೇಜಿನಲ್ಲೇ ನಿಂತು, ಅವರು ಅದನ್ನು ತೆಗೆದು ನೋಡುವುದನ್ನು ಕಾಯುತ್ತಿದ್ದೆ.